ಸಂಗಮದ ಹಿನ್ನೀರು, ಹೊಂಡದ ಲೆಕ್ಕ



ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪ ನೋಡಬೇಕಾದರೆ ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಸುತ್ತ ಬಾವಿಯಂಥ ಗೋಡೆ, ಗೋಡೆಯಾಚೆ ನಾರಾಯಣಪುರ ಅಣೆಕಟ್ಟೆಯ ಹಿನ್ನೀರು. ಆ ಜಲಾಶಯ ತುಂಬಿದರೆ ನೀರು ಸಮುದ್ರಮಟ್ಟದಿಂದ 492.25 ಮೀಟರ್ ಎತ್ತರದಲ್ಲಿ ನಿಲ್ಲುತ್ತದೆ. ಆಗ ಮಂಟಪದ ನೆಲ ಹೊರಗಿನ ನೀರಿಗಿಂತ ಕೆಳಗೆ. ಒಳಗೆ ಬಿದ್ದ ಮಳೆನೀರು ತಾನಾಗಿ ಹೊರಹೋಗದು, ಎತ್ತಿಯೇ ಹಾಕಬೇಕು. ಊರಿನ ಮಳೆನೀರು ಹಿಡಿದಿಡುವ ಹೊಂಡ ಕಟ್ಟುವ ಎಂಜಿನಿಯರರನ್ನು ಕಾಡುವುದೂ ಇದೇ ಸಮಸ್ಯೆ.

ನಮ್ಮ ಹಿರಿಯರು ಕೆರೆಗೆ ತೂಬು ಇಟ್ಟರು, ಕೋಡಿ ಇಟ್ಟರು. ತೂಬಿನಿಂದ ಎಷ್ಟು ನೀರು ಹೊರಡುತ್ತದೆ? ಕೆರೆ ತುಂಬಿದಷ್ಟು ಎನ್ನುತ್ತೇವೆ. ಅದು ಅರ್ಧ ಸತ್ಯ. ತೂಬಿನ ಹೊರಬಾಯಿ ನೀರಿನಲ್ಲಿ ಮುಳುಗಿದ್ದರೆ ಲೆಕ್ಕಕ್ಕೆ ಬರುವುದು ಎರಡೂ ಕಡೆಯ ಮಟ್ಟಗಳ ಅಂತರ. ಈ ಅಂತರ 4 ಮೀಟರಿನಿಂದ 1 ಮೀಟರಿಗೆ ಇಳಿದರೆ ಹರಿವು ಅರ್ಧಕ್ಕೆ ಇಳಿಯುತ್ತದೆ. ಕಾಲುಭಾಗಕ್ಕಲ್ಲ, ಏಕೆಂದರೆ ಇದು ವರ್ಗಮೂಲದ ಲೆಕ್ಕ. ಮಟ್ಟಗಳು ಸಮವಾದರೆ ಹರಿವು ನಿಂತಂತೆಯೇ. ಆಚೆಯ ನೀರು ಇನ್ನೂ ಏರಿದರೆ ನದಿಯೇ ಹೊಂಡದೊಳಕ್ಕೆ ನುಗ್ಗುತ್ತದೆ. ತಡೆಯಲು ಹೊರಕ್ಕೆ ಮಾತ್ರ ತೆರೆಯುವ ಬಾಗಿಲು ಇಡಬಹುದು. ಆದರೆ ಅದು ಮುಚ್ಚಿರುವಷ್ಟು ಹೊತ್ತು ಊರಿನ ಮಳೆನೀರೂ ಒಳಗೇ. ಮಲಪ್ರಭೆಯದೂ ಇದೇ ಪಾಡು. ಸಂಗಮದಲ್ಲಿ ಕೃಷ್ಣೆ ಏರಿ ನಿಂತಾಗ ಅದು ಹಿಂದಕ್ಕೆ ಉಬ್ಬುತ್ತದೆ.

ಈ ಲೆಕ್ಕವನ್ನು ಈಗ ಕಂಪ್ಯೂಟರ್ ಮಾಡುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 'ಸ್ಟಾರ್ಮ್ ವಾಟರ್ ಮ್ಯಾನೇಜ್‌ಮೆಂಟ್ ಮಾಡೆಲ್' 1971ರಿಂದ ಬಳಕೆಯಲ್ಲಿದೆ, ಉಚಿತವಾಗಿ ಸಿಗುತ್ತದೆ. ಹೊರಬಾಯಿಯ ಆಚೆ ಏನಿದೆ ಎಂದು ನಾವೇ ಅದಕ್ಕೆ ಹೇಳಬೇಕು: ಅಡ್ಡಿಯಿಲ್ಲವೇ, ನೀರು ಒಂದೇ ಮಟ್ಟದಲ್ಲಿ ನಿಂತಿದೆಯೇ, ಕಾಲಕ್ಕೆ ತಕ್ಕಂತೆ ಏರಿಳಿಯುತ್ತದೆಯೇ? ಅಡ್ಡಿಯಿಲ್ಲ ಎಂದರೆ ಹೊಂಡ ಕಾಗದದ ಮೇಲೆ ಸಲೀಸಾಗಿ ಖಾಲಿಯಾಗುತ್ತದೆ, ಊರಿನಲ್ಲಿ ಆಗುವುದಿಲ್ಲ. ಸದಾ ಮಹಾಪೂರ ಎಂದರೆ ಬೇಡದಷ್ಟು ದೊಡ್ಡ ಹೊಂಡಕ್ಕೆ ದುಡ್ಡು ಸುರಿಯಬೇಕು.

ಸಂಗಮದಂಥ ಊರಿಗೆ ಏರಿಳಿತದ ಲೆಕ್ಕವೇ ಸರಿ ಎಂದು ನನ್ನ ಎಣಿಕೆ. ಕೃಷ್ಣೆಗೆ ಪೂರ ಬರುವುದು ಸಹ್ಯಾದ್ರಿಯ ಮಳೆಯಿಂದ, ಹೆಚ್ಚಾಗಿ ಜುಲೈ-ಆಗಸ್ಟಿನಲ್ಲಿ. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿದಿತ್ತು. ಹುನಗುಂದ ಸೀಮೆಯ ದೊಡ್ಡ ಮಳೆಯಾದರೋ ಸಾಮಾನ್ಯವಾಗಿ ಸೆಪ್ಟೆಂಬರಿನದು. ಅಷ್ಟರಲ್ಲಿ ಪೂರ ಇಳಿದಿರುತ್ತದೆ, ನಿಜ. ಆದರೆ ಜಲಾಶಯ ತುಂಬಿರುತ್ತದೆ. ನದಿ ಶಾಂತವಾಗಿ ಕಂಡರೂ ಹಿನ್ನೀರು ಜಾಗ ಬಿಡುವುದಿಲ್ಲ. ಆದ್ದರಿಂದ ಮಳೆಯ ಅಂಕಿಯ ಪಕ್ಕದಲ್ಲಿ ಅದೇ ದಿನದ ಜಲಾಶಯದ ಮಟ್ಟವನ್ನೂ ಬರೆದುಕೊಳ್ಳಬೇಕು. ಅದೇನೂ ಗುಟ್ಟಿನ ಅಂಕಿಯಲ್ಲ, ಮಳೆಗಾಲದಲ್ಲಿ ಪತ್ರಿಕೆಗಳಲ್ಲೇ ಅಚ್ಚಾಗುತ್ತದೆ.