ಕರಿಹಲಗೆಯೂ ಯಂತ್ರವೂ

(ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಹೊಸ ಯಂತ್ರವೆಂದರೆ ಹೈಸ್ಕೂಲಿನ ಉಪಾಧ್ಯಾಯರು ಹೆದರುತ್ತಾರೆಂದು ದೂರುವವರು ಬಹಳ. ಗಿರಣಿಯಲ್ಲಿ ದುಡಿಯುವ ನಿಮಗೆ ಈ ದೂರು ಹೊಸದಲ್ಲ. ಹೊಸ ಮಗ್ಗ ಬಂದಾಗ ಕಾರ್ಮಿಕ ಕೇಳುವುದು, 'ಇದರ ಲಾಭ ಯಾರಿಗೆ, ಭಾರ ಯಾರಿಗೆ?' ಎಂದು. ಉಪಾಧ್ಯಾಯರ ಪ್ರಶ್ನೆಯೂ ಅದೇ.

1984-85ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಯೋಜನೆಯನ್ನು ಆರಂಭಿಸಿ, 248 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ಕೊಟ್ಟಿತು. ತರಬೇತಿ ಸಿಕ್ಕಿದ್ದು ಕೆಲವೇ ಉಪಾಧ್ಯಾಯರಿಗೆ. ದಿನದ ಪಾಠಕ್ಕೂ ಯಂತ್ರಕ್ಕೂ ನಂಟು ಕಡಿಮೆ. ಉಳಿದವರು ಅದನ್ನು ತಮ್ಮದೆಂದು ಭಾವಿಸದಿದ್ದರೆ ಸೋಜಿಗವೇನು? 2004ರ ಡಿಸೆಂಬರಿನಲ್ಲಿ ಹೈಸ್ಕೂಲುಗಳಿಗೆಂದೇ ಮತ್ತೊಂದು ಯೋಜನೆ ಬಂತು. ಅನೇಕ ಕಡೆ ಖಾಸಗಿ ಕಂಪನಿಗಳೇ ಗುತ್ತಿಗೆ ಹಿಡಿದು ಯಂತ್ರವನ್ನೂ ಬೋಧಕರನ್ನೂ ಒದಗಿಸಿದವು. ಅಲ್ಲಿ ಗಣಿತ, ವಿಜ್ಞಾನ ಕಲಿಸುವವರು ಕಂಪ್ಯೂಟರ್ ಕೋಣೆಯ ಹೊರಗೇ ನಿಂತರು.

2020ರ ಮಾರ್ಚಿನಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದವು. ಆಗ ಸೀಮೆಸುಣ್ಣ ಬಿಟ್ಟು ಬೇರೇನೂ ಮುಟ್ಟದಿದ್ದವರೂ ಫೋನು ಹಿಡಿದು ಪಾಠ ಹೇಳಿದರು. ದೂರದರ್ಶನದ ಚಂದನದಲ್ಲಿ ಹೈಸ್ಕೂಲು ಪಾಠಗಳು ಬಂದವು. ಅನೇಕರ ಅಂಜಿಕೆ ಹೋಯಿತು. ಆದರೆ ಅದೇ ಉಪಾಧ್ಯಾಯರು ಇನ್ನೊಂದನ್ನೂ ಕಂಡರು: ಒಂದೇ ಫೋನಿದ್ದ ಮನೆಯಲ್ಲಿ ಅಪ್ಪ ಕೆಲಸಕ್ಕೆ ಹೊರಟರೆ ಪಾಠವೂ ಅವನ ಜೇಬಿನಲ್ಲೇ ಹೊರಟಿತು. ಹಿಂದುಳಿದವರು ಯಾರ ಮಕ್ಕಳೆಂದು ನಿಮಗೆ ಹೇಳಬೇಕಾಗಿಲ್ಲ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪ್ರಬಂಧವನ್ನೂ ಯಂತ್ರವೇ ಬರೆಯತೊಡಗಿತು. ಮಗು ಬರೆದದ್ದು ಯಾವುದು, ಯಂತ್ರ ಬರೆದದ್ದು ಯಾವುದು ಎಂದು ತಿಳಿಯುವುದು ಉಪಾಧ್ಯಾಯರಿಗೆ ಕಷ್ಟವಾಗಿದೆ. ಇಂದು ಅವರಲ್ಲಿ ಅನೇಕರು ಯಂತ್ರವನ್ನು ಬಳಸುತ್ತಾರೆ, ಅದನ್ನು ಸಂಶಯದಿಂದಲೂ ನೋಡುತ್ತಾರೆ. ಇದು ಹಿಂದುಳಿದ ಬುದ್ಧಿಯಲ್ಲ. ಶಿಕ್ಷಣದಲ್ಲಿ ಈ ಸಾಧನ ಯಾರ ಷರತ್ತಿನ ಮೇಲೆ ನಡೆಯಬೇಕೆಂದು 2023ರಲ್ಲಿ ಯುನೆಸ್ಕೋ ವರದಿಯೇ ಕೇಳಿತು. ಶ್ರೀಮಂತ ಸ್ವೀಡನ್ ದೇಶ ಅದೇ ವರ್ಷ ಮಕ್ಕಳಿಗೆ ಅಚ್ಚಿನ ಪುಸ್ತಕ ಕೊಡಿಸಲು ಹಣ ತೆಗೆದಿಟ್ಟಿತು.

ಹಾಗೆಂದು ಯಂತ್ರವನ್ನು ಒಡೆಯಿರೆಂದು ನಾನು ಹೇಳುವುದಿಲ್ಲ. ಕಾಣದ ಹೃದಯದ ಬಡಿತವನ್ನು ಚಿತ್ರದಲ್ಲಿ ತೋರಿಸಬಲ್ಲ ಸಾಧನ ಬಡವರ ಶಾಲೆಗೂ ಬರಲೇಬೇಕು. ನಿಮ್ಮ ಮಕ್ಕಳ ಶಾಲೆಗೆ ಹೋಗಿ ನಾಲ್ಕು ಮಾತು ಕೇಳಿರಿ: ಉಪಾಧ್ಯಾಯರಿಗೆ ತರಬೇತಿ ಕೊಟ್ಟಿದ್ದಾರೆಯೇ? ಪಾಠ ಕನ್ನಡದಲ್ಲಿದೆಯೇ? ಕೆಟ್ಟರೆ ರಿಪೇರಿ ಮಾಡಿಸುವವರು ಯಾರು? ಮನೆಯಲ್ಲಿ ಫೋನಿಲ್ಲದ ಮಗುವಿಗೆ ಏನು ಏರ್ಪಾಡು? ಈ ನಾಲ್ಕಕ್ಕೂ ಉತ್ತರ ಸಿಗುವವರೆಗೆ ಉಪಾಧ್ಯಾಯರನ್ನು ದೂರಬೇಡಿರಿ, ಅವರ ಜೊತೆ ನಿಲ್ಲಿರಿ.