ವಾಯಿದೆಗಳ ನಡುವೆ ಬೆಳೆಯುವ ಮಗು

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ವಕೀಲನಲ್ಲ, ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತಗಳ ನಡುವೆ ಆಯುಷ್ಯ ಕಳೆದವನು. ಕಡತವನ್ನು ಮುಂದಕ್ಕೆ ತಳ್ಳುವ ವಿದ್ಯೆ ನನಗೂ ಗೊತ್ತು. ಆದರೆ ಮುಲುಂಡಿನ ಕನ್ನಡ ಕುಟುಂಬವೊಂದರ ವ್ಯಾಜ್ಯವನ್ನು ಹತ್ತಿರದಿಂದ ಕಂಡ ಮೇಲೆ, ಮಗುವನ್ನು ಕಡತದಂತೆ ಮುಂದೂಡಲಾಗದೆಂಬುದು ಮನದಟ್ಟಾಯಿತು.

ಮನಸ್ತಾಪ ಬಂದು ತಾಯಿ ಮೂರು ವರ್ಷದ ಮಗನೊಡನೆ ಉಡುಪಿಯ ಕಡೆಯ ತವರಿಗೆ ಹೋದಳು. ತಂದೆ ಇಲ್ಲಿ ವಿಚ್ಛೇದನದ ಅರ್ಜಿ ಹಾಕಿ ಮಗುವಿನ ಭೇಟಿಗೂ ಅನುಮತಿ ಕೋರಿದ. ನೋಟೀಸು ಎರಡು ಬಾರಿ ‘ಮನೆಗೆ ಬೀಗ’ ಎಂಬ ಷರಾದೊಡನೆ ಮರಳಿತು. ಜಾರಿಯಾದ ಮೇಲೆ ವಾಯಿದೆ; ಬಳಿಕ ಮೊಕದ್ದಮೆಯನ್ನು ಉಡುಪಿಗೆ ವರ್ಗಾಯಿಸಲು ಸುಪ್ರೀಂ ಕೋರ್ಟಿಗೆ ಅರ್ಜಿ. ಇತ್ತ ತಂದೆಯೂ ಜೀವನಾಂಶದ ಮಾತು ಬಂದೊಡನೆ ಸಂಬಳದ ವಿವರ ಸಲ್ಲಿಸಲು ಮತ್ತೆ ಮತ್ತೆ ಕಾಲಾವಕಾಶ ಬೇಡಿದ. ಎರಡು ವರ್ಷಗಳ ಬಳಿಕ ಭೇಟಿ ನಡೆದಾಗ ಹುಡುಗ ಅಪ್ಪನನ್ನು ‘ಅಂಕಲ್’ ಎಂದ. ನ್ಯಾಯಾಧೀಶರ ತೀರ್ಪು ಇನ್ನೂ ಬಂದಿರಲಿಲ್ಲ. ಕಾಲ ತನ್ನ ತೀರ್ಪನ್ನು ಕೊಟ್ಟಾಗಿತ್ತು.

ಕಾನೂನು ಇದನ್ನು ಅರಿಯದೆ ಇಲ್ಲ. 1984ರ ಕಾಯಿದೆಯಂತೆ 1989ರಲ್ಲಿ ಮುಂಬಯಿಗೆ ಕುಟುಂಬ ನ್ಯಾಯಾಲಯ ಬಂದದ್ದೇ ಇಂಥ ವ್ಯಾಜ್ಯಗಳು ರಾಜಿಯಿಂದ, ಶೀಘ್ರವಾಗಿ ಬಗೆಹರಿಯಲೆಂದು. 1956ರ ಹಿಂದೂ ಪಾಲಕತ್ವ ಕಾಯಿದೆ, ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದರೂ, ಮಗುವಿನ ಹಿತವೇ ಎಲ್ಲಕ್ಕೂ ಮಿಗಿಲೆಂದು ಸಾರುತ್ತದೆ. ಮಕ್ಕಳು ತಂದೆತಾಯಿಗಳ ಸೊತ್ತಲ್ಲವೆಂದು ರೋಸಿ ಜೇಕಬ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1973ರಲ್ಲೇ ಹೇಳಿದೆ. 2001ರ ತಿದ್ದುಪಡಿಯಂತೆ, ಹಿಂದೂ ವಿವಾಹ ಕಾಯಿದೆಯಡಿ ಮಕ್ಕಳ ಪೋಷಣೆ ಮತ್ತು ವಿದ್ಯಾಭ್ಯಾಸದ ಮಧ್ಯಂತರ ಅರ್ಜಿ ನೋಟೀಸು ಜಾರಿಯಾದಂದಿನಿಂದ ಸಾಧ್ಯವಾದಷ್ಟು 60 ದಿನಗಳಲ್ಲಿ ಇತ್ಯರ್ಥವಾಗಬೇಕು. ದಿನಗಣನೆ ಆರಂಭವಾಗುವುದೇ ಜಾರಿಯಿಂದ. ನೋಟೀಸಿಗೆ ತಲೆ ತಪ್ಪಿಸಿಕೊಳ್ಳುವವರು ನಿಲ್ಲಿಸುವುದು ಮಗುವಿನ ಗಡಿಯಾರವನ್ನೇ. ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಸಲ್ಲದೆಂಬ ನಿಯಮವೂ 2002ರಿಂದ ಇದೆ. ಕೈಮೀರಿದ ಕಾರಣವಿದ್ದರೆ ವಿನಾಯಿತಿ ಉಂಟೆಂದು 2005ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು.

ನಮ್ಮವರಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ವಕೀಲರ ನೋಟೀಸು ಬಂದರೆ ಮಾನ ಹೋಯಿತೆಂಬುದು ಒಂದು. ಅದು ನ್ಯಾಯಾಲಯದ ಆಜ್ಞೆಯಲ್ಲ, ಸಂಧಾನಕ್ಕೆ ಬಾಗಿಲೂ ಆಗಬಲ್ಲದು. ನ್ಯಾಯಾಲಯದ ನೋಟೀಸನ್ನು ತೆಗೆದುಕೊಳ್ಳದಿದ್ದರೆ ಪಾರಾಗಬಹುದೆಂಬುದು ಇನ್ನೊಂದು. ನಿರಾಕರಿಸಿದ ನೋಟೀಸು ಜಾರಿಯಾದಂತೆಯೇ ಎಣಿಸಲ್ಪಡಬಹುದು. ಬಾಗಿಲಿಗೆ ಅಂಟಿಸಿಯೋ ಪತ್ರಿಕೆಯಲ್ಲಿ ಪ್ರಕಟಿಸಿಯೋ ಜಾರಿ ಮಾಡಲೂಬಹುದು. ಕೊನೆಗೆ ಏಕಪಕ್ಷೀಯ ಆದೇಶ ಕಾದಿರುತ್ತದೆ.

ವಾಯಿದೆ ಕೇಳುವುದೇ ಪಾಪವೆಂದು ನಾನು ಹೇಳುವುದಿಲ್ಲ. ಕೈಗೂಸನ್ನೆತ್ತಿಕೊಂಡು ಉಡುಪಿಯಿಂದ ಮುಂಬಯಿಗೆ ಓಡಾಡುವ ತಾಯಿಯ ಕಷ್ಟ ಸುಳ್ಳಲ್ಲ; ವರ್ಗಾವಣೆಯನ್ನು ಕೋರುವುದು ಅವಳ ಹಕ್ಕು. ಕಾಯಿಲೆ, ಪರೀಕ್ಷೆ, ಸಾವುನೋವುಗಳೂ ಇರುತ್ತವೆ. ಆದರೆ ವಾಯಿದೆ ಕೇಳುವವರು ಕಾರಣವನ್ನು ಲಿಖಿತವಾಗಿ, ಮುಂಚಿತವಾಗಿ ಕೊಡಲಿ. ಅದರ ಜೊತೆಗೇ ಮುಂದಿನ ತಾರೀಖಿನವರೆಗೆ ಮಗು ಇನ್ನೊಬ್ಬರನ್ನು ಎಲ್ಲಿ, ಎಂದು ಕಾಣಬೇಕು, ಖರ್ಚಿಗೆ ಹಣ ಹೇಗೆ ತಲುಪಬೇಕು ಎಂಬುದನ್ನೂ ಬರೆದುಕೊಡಲಿ. ಹಾಗೆ ಬರೆದುಕೊಟ್ಟ ವಾಯಿದೆಯಿಂದ ಮಗುವಿಗೆ ನಷ್ಟವಿಲ್ಲ.

ಹೊರನಾಡಿನಲ್ಲಿ ಸಂಘವೇ ನಮಗೆ ಬಂಧುಬಳಗ. ಗಂಡಹೆಂಡಿರ ನಡುವೆ ಸರಿತಪ್ಪು ತೂಗುವುದು ನಮ್ಮ ಕೆಲಸವಲ್ಲ. ನೋಟೀಸು ತೆಗೆದುಕೊಳ್ಳಬೇಡವೆಂದು ಕಿವಿಯೂದುವ ಹಿರಿಯರಂತೂ ನಾವಾಗದಿರೋಣ. ನ್ಯಾಯಾಲಯಕ್ಕೆ ಇನ್ನೊಂದು ತಾರೀಖು ಇರುತ್ತದೆ. ಮಗುವಿಗೆ ಮೂರನೆಯ ವರ್ಷ ಮತ್ತೊಮ್ಮೆ ಬರುವುದಿಲ್ಲ.