ಬಣ್ಣ ಬಳಿಯದ ಚಿತ್ರ



ಚಿತ್ರವೆಂದರೆ ಬಣ್ಣ ಬೇಕು, ಕುಂಚ ಬೇಕು ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಬಣ್ಣ ಬಳಿಯದೆ, ಕುಂಚ ಹಿಡಿಯದೆ ಚಿತ್ರ ಮಾಡುವ ಜನ ನಮ್ಮ ನಾಡಿನಲ್ಲಿಯೇ ಇದ್ದಾರೆ. ಮೈಸೂರಿನಲ್ಲಿ ಬೀಟೆಮರದ ಇನ್‌ಲೇ ಕೆಲಸ ಮಾಡುವ ಕುಶಲಕರ್ಮಿಗಳು ಅವರು. “ಬುದ್ಧೀ, ಮಗನನ್ನು ಈ ಕೆಲಸಕ್ಕೆ ಹಾಕಬಹುದೆ?” ಎಂದು ಇಲ್ಲಿ ಕುಳಿತಿರುವ ತಂದೆತಾಯಿಗಳಲ್ಲಿ ಕೆಲವರು ನಮ್ಮನ್ನು ಕೇಳಿದ್ದಾರೆ. ಹಾಕುವುದು ಬಿಡುವುದು ಆಮೇಲಿನ ಮಾತು. ಆ ಕೆಲಸ ಎಂಥದು ಎಂಬುದನ್ನು ಮೊದಲು ತಿಳಿಯಬೇಡವೆ?

ಒಂದು ಹಳ್ಳಿಯ ನೋಟವನ್ನು ಮಾಡಬೇಕು ಎನ್ನಿ. ಚಿತ್ರವನ್ನು ಕಾಗದದ ಮೇಲೆ ಬರೆದು, ಒಂದೊಂದು ಭಾಗಕ್ಕೂ ಒಂದೊಂದು ಅಂಕಿ ಕೊಡುತ್ತಾರೆ. ಹುಲ್ಲಿನ ಮನೆಗೆ ಹಳದಿ ಬೇಕೆ? ಹಲಸಿನ ಮರ ಇದೆ. ಎತ್ತಿಗೆ ಬಿಳುಪು ಬೇಕೆ? ಹಾಲೆಮರ ಇದೆ. ಹೆಣ್ಣುಮಗಳ ಸೀರೆಗೆ ಕೆಂಪು ಬೇಕೆ? ರಕ್ತಚಂದನವಿದೆ. ಇವೆಲ್ಲವನ್ನೂ ತನ್ನ ಮೈಮೇಲೆ ಕೂಡಿಸಿಕೊಳ್ಳುವುದು ಕಪ್ಪುಗೆಂಪಿನ ಬೀಟೆಯ ಹಲಗೆ. ಬಣ್ಣ ಹೊಂದಿದರೆ ಸಾಲದು, ಎಳೆಯೂ ಹೊಂದಬೇಕು. ನೀರಿಗೆ ಅಡ್ಡ ಎಳೆ, ಮರದ ಬೊಡ್ಡೆಗೆ ನಿಂತ ಎಳೆ, ಎತ್ತಿನ ಹಿಣಿಲಿಗೆ ಸುತ್ತಿಕೊಂಡ ಎಳೆ. ಅದಕ್ಕಾಗಿ ಹಲಗೆಗಳ ರಾಶಿಯಲ್ಲಿ ಹುಡುಕುತ್ತ ಕೂಡುವುದೇ ಎಷ್ಟೋ ಹೊತ್ತಿನ ಕೆಲಸ. ನೋಡಿದವರಿಗೆ ಅವರು ಸುಮ್ಮನೆ ಕುಳಿತಂತೆ ಕಾಣುತ್ತದೆ!

ಇನ್ನು ಗರಗಸ. ಅದರ ಅಲಗು ದಾರದಷ್ಟು ಸಣ್ಣದು, ಹಲ್ಲುಗಳು ಕೆಳಮುಖ. ಚಿತ್ರದ ನಡುವೆ ತೂತು ಬೇಕಾದರೆ ಬೈರಿಗೆಯಿಂದ ರಂಧ್ರ ಕೊರೆದು, ಅಲಗನ್ನು ಬಿಚ್ಚಿ, ಅದರೊಳಗೆ ತೂರಿಸಿ ಮತ್ತೆ ಬಿಗಿಯಬೇಕು. ಕೊಯ್ಯುವಾಗ ಗರಗಸ ತಿರುಗಬಾರದು, ಹಲಗೆ ತಿರುಗಬೇಕು. ಅಲಗು ಇದ್ದಲ್ಲೇ ಮೇಲೆ ಕೆಳಗೆ ಆಡುತ್ತಿರುತ್ತದೆ. ಎಡಗೈ ಹಲಗೆಯನ್ನು ಗೆರೆಯಂತೆ ಅದಕ್ಕೆ ಒಪ್ಪಿಸುತ್ತ ಹೋಗುತ್ತದೆ. ತಿರುವಿನಲ್ಲಿ ಅವಸರಪಟ್ಟು ಒತ್ತಿದರೆ ಅಲಗು ಮುರಿಯಿತು. ಅಲಗು ನೆಟ್ಟಗೆ ನಿಲ್ಲದೆ ಓರೆಯಾದರೆ ಅದು ಇನ್ನೂ ಕೆಟ್ಟದ್ದು, ಏಕೆಂದರೆ ಕೂಡಲೇ ಗೊತ್ತಾಗುವುದಿಲ್ಲ. ಮೇಲ್ಮೈಯಲ್ಲಿ ತುಂಡು ಸರಿಯಾಗಿ ಕೂಡುತ್ತದೆ. ಉಪ್ಪುಕಾಗದ ಹಾಕಿ ತಿಕ್ಕಿ ಮಟ್ಟ ಮಾಡುತ್ತ ಬಂದಂತೆ ಸಂದು ಬಾಯಿ ಬಿಡುತ್ತದೆ. ಅಷ್ಟರಲ್ಲಿ ಅಂಟು ಒಣಗಿರುತ್ತದೆ.

ಕೊಯ್ದ ತುಂಡನ್ನು ಬೀಟೆಯ ಮೇಲಿಟ್ಟು, ಸುತ್ತ ಮೊನೆಯಿಂದ ಗೀರಿ, ಅಷ್ಟೇ ಜಾಗವನ್ನು ಉಳಿಯಿಂದ ತೋಡುತ್ತಾರೆ. ಅಂಟು ಹಚ್ಚಿ ಕೂಡಿಸಿ, ಮಟ್ಟ ಮಾಡಿ, ಕಣ್ಣು ಮೂಗಿನ ಸಣ್ಣ ಗೆರೆಗಳನ್ನು ಕೊರೆದು, ಕೊನೆಗೆ ಮೆರುಗು ಕೊಡುತ್ತಾರೆ.

ಹಿಂದೆ ಬಿಳುಪಿಗೆ ಆನೆಯ ದಂತವಿತ್ತು. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಸುಟ್ಟ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಈಗಿನ ಅರಮನೆಯಲ್ಲಿ, ಅಂಬಾವಿಲಾಸದ ಬೀಟೆಯ ಬಾಗಿಲಿನಲ್ಲಿ ದಂತದ ಕೆಲಸವನ್ನು ಇಂದಿಗೂ ಕಾಣಬಹುದು. 1986ರಲ್ಲಿ ನಮ್ಮ ಆನೆಗಳ ದಂತದ ವ್ಯಾಪಾರ ನಿಂತಿತು, 1991ರಲ್ಲಿ ಆಫ್ರಿಕದಿಂದ ತರಿಸಿದ ದಂತದ್ದೂ ನಿಂತಿತು. ದಂತ ಹೋಯಿತು, ಕೆಲಸ ಉಳಿಯಿತು. ದಂತಕ್ಕೆ ಬೆಲೆಯಿತ್ತು ನಿಜ. ಚಿತ್ರ ನಿಂತಿದ್ದು ಮಾತ್ರ ದಂತದ ಮೇಲಲ್ಲ. ಈಗ ಬೀಟೆಯೇ ವಿರಳವಾಗಿದೆ. ಅದು ನಿಧಾನವಾಗಿ ಬೆಳೆಯುವ ಮರ. ಅದರ ಕುಲದ ಮರಗಳನ್ನು ಹೊರದೇಶಕ್ಕೆ ಕಳುಹಿಸಲು 2017ರಿಂದ ನಿಯಮಗಳು ಬಿಗಿಯಾದವು. 2019ರಲ್ಲಿ ಒಂದು ಸರಕಿಗೆ 10 ಕಿಲೋ ಮರದವರೆಗಿನ ಸಿದ್ಧವಸ್ತುಗಳಿಗೆ ವಿನಾಯಿತಿ ದೊರೆಯಿತು. ಮರ ಉಳಿಯಬೇಕು, ಮರದ ಕೆಲಸದವನೂ ಉಳಿಯಬೇಕು. ಎರಡನ್ನೂ ಕೂಡಿಸುವುದು ಹಾಲೆಮರವನ್ನು ಬೀಟೆಗೆ ಕೂಡಿಸಿದಷ್ಟು ಸುಲಭವಲ್ಲ.

ಈ ವಿದ್ಯೆ ನಮ್ಮಲ್ಲಿ ಮಾತ್ರ ಇದೆ ಎಂದು ಬೀಗಬೇಕಾಗಿಲ್ಲ. ಇಟಲಿ ದೇಶದಲ್ಲಿ ಇದರ ಬಂಧುವೊಂದಿದೆ, ಇಂಟಾರ್ಸಿಯ ಎಂದು ಅದರ ಹೆಸರು. ಸುಮಾರು 500 ವರ್ಷಗಳ ಹಿಂದೆ ವೆರೋನದ ಫ್ರಾ ಜಿಯೊವಾನ್ನಿ ಎಂಬ ಕ್ರೈಸ್ತ ಸನ್ಯಾಸಿಯೊಬ್ಬರು ತಮ್ಮ ಪಂಥದ ಮಠಗಳಲ್ಲಿ ಪ್ರಾರ್ಥನೆಗೆ ಕೂಡುವ ಪೀಠಗಳ ಹಿಂಬದಿಗೆ ಇಂಥ ಚಿತ್ರಗಳನ್ನು ಮಾಡಿದರು. ಅರೆತೆರೆದ ಕಪಾಟು, ಅದರೊಳಗೆ ಪುಸ್ತಕ, ವಾದ್ಯ. ಬಾಗಿಲು ನಿಜವಾಗಿಯೇ ತೆರೆದಿದೆ ಎಂದು ಕೈ ಚಾಚಬೇಕು, ಹಾಗಿವೆ! ಅವರು ಮರಕ್ಕೆ ಬಣ್ಣ ಕುಡಿಸುತ್ತಿದ್ದುದೂ ಉಂಟು. ಅದು ಅವರ ದಾರಿ. ಕಾವಿ ತೊಟ್ಟವರು ಗರಗಸ ಹಿಡಿಯಬಾರದೆಂದು ಯಾರು ಹೇಳಿದರು?

ಈಗ ಮೋಟಾರಿನಿಂದ ಆಡುವ ಗರಗಸ ಬಂದಿದೆ, ಸ್ಕ್ರೋಲ್ ಸಾ ಎನ್ನುತ್ತಾರೆ. ಅದು ಬೇಡವೆನ್ನುವವರು ನಾವಲ್ಲ. ಎರಡೂ ಕೈ ಹಲಗೆಗೆ ಸಿಗುತ್ತವೆ, ರಟ್ಟೆ ಸೋಲುವುದಿಲ್ಲ. ಲೇಸರ್ ಯಂತ್ರವೂ ಇದೆ. ಅದು ಅಂಚನ್ನು ಸುಟ್ಟು ಕಪ್ಪು ಮಾಡುತ್ತದೆ. ಯಾವ ಯಂತ್ರವೂ ಎತ್ತಿನ ಹಿಣಿಲಿಗೆ ತಕ್ಕ ಎಳೆಯನ್ನು ತಾನಾಗಿ ಹುಡುಕಿ ಕೊಡಲಾರದು. ನಮಗೆ ಸಂಕಟವಾಗುವುದು ಬೇರೆಯದಕ್ಕೆ. ಹಲಗೆಯ ಮೇಲೆ ಬಣ್ಣ ಅಚ್ಚುಹಾಕಿ ಇನ್‌ಲೇ ಎಂದು ಮಾರುವವರಿದ್ದಾರೆ. ಮೈಸೂರಿನ ಕೆಲಸಕ್ಕೆ 2005-06ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಒಳ್ಳೆಯದೇ. ಆದರೆ ಅಂಗಡಿಯಲ್ಲಿ ನಿಂತಾಗ ನಿಮ್ಮ ಕಣ್ಣೇ ನಿಮಗೆ ಗುರುತಾಗಬೇಕು. ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಬಣ್ಣ ಬದಲಾದ ಕಡೆ ಮರದ ಎಳೆಯೂ ಬದಲಾಯಿತೆ ನೋಡಿ. ಒಂದೇ ಎಳೆ ಆಕಾಶದಿಂದ ಎತ್ತಿನ ಹೊಟ್ಟೆಯವರೆಗೆ ಓಡಿದ್ದರೆ ಅದು ಅಚ್ಚು.

ಮಗನನ್ನು ಹಾಕಬಹುದೆ ಎಂದಿರಿ. ಹತ್ತು ದಿನದ ಕೆಲಸಕ್ಕೆ ಎರಡು ದಿನದ ಕೂಲಿ ಕೊಟ್ಟು ಚೌಕಾಸಿ ಮಾಡುವವರೂ ನೀವೇ, ಇದರಲ್ಲಿ ಅನ್ನ ಹುಟ್ಟುತ್ತದೆಯೆ ಎಂದು ಕೇಳುವವರೂ ನೀವೇ! ಹುಡುಗನಿಗೆ ಒಂದು ಗರಗಸ, ಒಂದು ಡಜನ್ ಅಲಗು, ಒಂದಿಷ್ಟು ಹಲಸಿನ ಚೂರುಗಳನ್ನು ಕೊಡಿಸಿ. ಒಂದು ತಿಂಗಳು ಬರಿಯ ಅರಳಿ ಎಲೆಯನ್ನು ಕೊಯ್ಯಲಿ. ಅಲಗುಗಳು ಮುರಿಯುತ್ತವೆ, ಬೈಯಬೇಡಿ. ತಿಂಗಳು ಕಳೆದ ಮೇಲೂ ಎಲೆಯ ತುದಿಯ ತಿರುವಿನಲ್ಲಿ ಅವನು ಉಸಿರು ಹಿಡಿದು ಕೂಡುತ್ತಿದ್ದರೆ, ಆಗ ಕರೆದುಕೊಂಡು ಬನ್ನಿ. ಯಾರ ಬಳಿಗೆ ಕಳುಹಿಸಬೇಕೆಂಬುದನ್ನು ನಾವು ಹೇಳುತ್ತೇವೆ.